ಸವೆದ ಪಳೆಯುಳಿಕೆ ಹಲ್ಲನ್ನು ಗುರುತಿಸುವುದು: ಸವೆತದಿಂದಲೇ ಶುರುಮಾಡಿ

ಹಳೆಯ ಹಲ್ಲೊಂದು ಸಿಕ್ಕಿತೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು, ಇದು ಯಾವ ಪ್ರಾಣಿಯದು ಎಂಬುದು. ಹಲ್ಲು ಇಡಿಯಾಗಿ, ಚೂಪಾಗಿ ಉಳಿದಿದ್ದರೆ ಅದು ಸರಿಯಾದ ಪ್ರಶ್ನೆಯೇ. ಆದರೆ ಅಂಚು ಮಾಸಿ, ಬೇರು ಮುರಿದು, ಉಬ್ಬುಗಳೆಲ್ಲ ಕರಗಿಹೋದ ಹಲ್ಲಿನ ಮುಂದೆ ಅದೇ ಪ್ರಶ್ನೆ ಹಿಡಿದು ಕುಳಿತರೆ ಮನಸ್ಸು ತನಗೆ ಬೇಕಾದ ಪ್ರಾಣಿಯನ್ನೇ ಅದರಲ್ಲಿ ಕಾಣತೊಡಗುತ್ತದೆ. ಇಂಥ ಹಲ್ಲಿಗೆ ಮೊದಲು ಕೇಳಬೇಕಾದದ್ದು ಬೇರೆ: ಇದು ಹೇಗೆ ಸವೆಯಿತು? ಪ್ರಾಣಿ ಬದುಕಿದ್ದಾಗ ಸವೆದದ್ದೆಷ್ಟು, ಸತ್ತ ಮೇಲೆ ಸವೆದದ್ದೆಷ್ಟು?

ನಾನು ದಂತವೈದ್ಯೆ. ಬದುಕಿರುವವರ ಬಾಯಲ್ಲಿ ಸವೆದ ಹಲ್ಲುಗಳನ್ನು ನೋಡುವುದೇ ನನ್ನ ಹಗಲಿನ ಕೆಲಸ. ಸಂಜೆಯ ಹೊತ್ತು ಸಾವಿರಾರು ವರ್ಷ ಹಿಂದೆ ಜಗಿಯುವುದನ್ನು ನಿಲ್ಲಿಸಿದ ಹಲ್ಲುಗಳ ಜೊತೆ ಕಳೆಯುತ್ತದೆ. ನಮ್ಮ ವೃತ್ತಿಯಲ್ಲಿ ಸವೆತ ಎನ್ನುವುದು ಒಂದೇ ಅಲ್ಲ. ಹಲ್ಲಿಗೆ ಹಲ್ಲು ಉಜ್ಜಿ ಆಗುವುದು ಒಂದು, ಹೊರಗಿನ ವಸ್ತು ತಿಕ್ಕಿ ಆಗುವುದು ಇನ್ನೊಂದು, ಆಮ್ಲ ತಗಲಿ ಆಗುವುದು ಮತ್ತೊಂದು. ಮೂರೂ ಬಿಟ್ಟುಹೋಗುವ ಗುರುತುಗಳು ಬೇರೆ ಬೇರೆ. ಈ ಭೇದ ತಿಳಿದವರಿಗೆ ಪಳೆಯುಳಿಕೆ ಹಲ್ಲಿನ ಸವೆತ ಅಡ್ಡಿಯಾಗುವುದಿಲ್ಲ, ಸಾಕ್ಷ್ಯವಾಗುತ್ತದೆ.

ಹೆಚ್ಚಿನ ಸಲಕರಣೆ ಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, ಒಂದು ವರ್ನಿಯರ್ ಕ್ಯಾಲಿಪರ್, ಮೃದುವಾದ ಬ್ರಷ್, ಬದಿಯಿಂದ ಬೆಳಕು ಬೀಳುವಂತೆ ತಿರುಗಿಸಬಹುದಾದ ಒಂದು ದೀಪ, ಬರೆದುಕೊಳ್ಳಲು ಕಾಗದ. ಕ್ಯಾಲಿಪರಿನ ಲೋಹದ ತುದಿಗಳು ಹಲ್ಲಿಗೆ ಗೀರು ಹಾಕಬಲ್ಲವು, ಪ್ಲಾಸ್ಟಿಕ್‌ನದ್ದಾದರೆ ಒಳ್ಳೆಯದು.

ತೊಳೆಯುವಾಗ

ಬರಿಯ ನೀರು ಮತ್ತು ಬ್ರಷ್, ಅಷ್ಟೇ. ಕಲ್ಲಿನಂತಿರುವ ಮಣ್ಣು ಬಿಡಲಿಲ್ಲವೆಂದು ವಿನೆಗರ್ ಅಥವಾ ಇನ್ನಾವುದೇ ಆಮ್ಲದಲ್ಲಿ ನೆನೆಹಾಕಬೇಡಿ. ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್‌ನ ವಸ್ತು. ಆಮ್ಲ ಮಣ್ಣನ್ನು ಬಿಡಿಸುವುದಕ್ಕೆ ಮೊದಲು ಹಲ್ಲಿನ ಮೇಲ್ಮೈಯನ್ನು ತಿನ್ನುತ್ತದೆ. ನೀವು ಓದಬೇಕಾದ ಗೀರು, ಹೊಳಪು, ಅಂಚು ಎಲ್ಲವೂ ಇರುವುದು ಆ ಮೇಲ್ಮೈಯಲ್ಲಿಯೇ. ಕುದಿಸಬಾರದು, ಬಿಸಿಲಿಗಿಟ್ಟು ಒಣಗಿಸಬಾರದು. ಒದ್ದೆ ಮಣ್ಣಿನಿಂದ ಬಂದ ಹಲ್ಲು ಬೇಗ ಒಣಗಿದರೆ ಉದ್ದಕ್ಕೆ ಸೀಳುತ್ತದೆ. ನೆರಳಿನಲ್ಲಿ, ಬಟ್ಟೆ ಮುಚ್ಚಿ, ನಿಧಾನವಾಗಿ ಆರಲಿ. ಕಡಲಿನಿಂದ ಬಂದದ್ದಾದರೆ ಸಿಹಿನೀರಿನಲ್ಲಿಟ್ಟು ನೀರನ್ನು ಮತ್ತೆ ಮತ್ತೆ ಬದಲಿಸಿ, ಒಳಗಿನ ಉಪ್ಪು ಹೊರಬರಲಿ. ಇಲ್ಲವಾದರೆ ಒಣಗಿದ ಮೇಲೆ ಉಪ್ಪು ಹರಳುಗಟ್ಟಿ ಹಲ್ಲನ್ನು ಒಳಗಿನಿಂದ ಒಡೆಯುತ್ತದೆ.

ವಾರ್ನಿಶ್ ಬಳಿದ ಹಲ್ಲನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹೊಳಪು ಬರುತ್ತದೆ, ನಿಜ. ಆದರೆ ಯಾವ ಭಾಗ ಬದುಕಿದ್ದಾಗ ಹೊಳಪೇರಿತ್ತು, ಯಾವುದು ಮಂಕಾಗಿತ್ತು ಎಂಬ ವ್ಯತ್ಯಾಸ ಆ ಲೇಪದಡಿ ಅಳಿಸಿಹೋಗುತ್ತದೆ. ಹಲ್ಲು ಪುಡಿಯಾಗುವಂತಿದ್ದರೆ ಸಂಗ್ರಹಾಲಯಗಳು ಬಳಸುವ ಪ್ಯಾರಲಾಯ್ಡ್ ಬಿ-72 ರಾಳವನ್ನು ಅಸಿಟೋನಿನಲ್ಲಿ ತೆಳ್ಳಗೆ ಕರಗಿಸಿ ಹಚ್ಚಬಹುದು. ಬೇಡವಾದಾಗ ಅಸಿಟೋನಿನಿಂದಲೇ ಅದನ್ನು ತೆಗೆಯಲು ಬರುತ್ತದೆ. ಅದನ್ನೂ ಫೋಟೊ ತೆಗೆದು, ಅಳತೆ ಬರೆದುಕೊಂಡ ಮೇಲೆಯೇ ಮಾಡಿ.

ಇದು ಹಲ್ಲೇ ಹೌದೆ?

ಹಲ್ಲೆಂದು ಭ್ರಮೆ ಹುಟ್ಟಿಸುವ ವಸ್ತುಗಳು ಬಹಳ. ಕೊಂಬಿನಾಕಾರದ ಹವಳಗಳ ಪಳೆಯುಳಿಕೆ, ಬೆಲೆಮ್ನೈಟ್ ಎಂಬ, ಸ್ಕ್ವಿಡ್ಡಿನ ಹಳೆಯ ಬಂಧುವಿನ ಗುಂಡಿನಂಥ ಒಳಕವಚ, ನೀರು ಕೊರೆದ ಬೆಣಚುಕಲ್ಲು, ಇವೆಲ್ಲ ಮೊದಲ ನೋಟಕ್ಕೆ ಕೋರೆಹಲ್ಲಿನಂತೆಯೇ ಇರುತ್ತವೆ. ಮುರಿದ ತುದಿಯನ್ನು ಲೆನ್ಸಿನಲ್ಲಿ ನೋಡಿ. ಹವಳದಲ್ಲಿ ನಡುವಿನತ್ತ ಸಾಗುವ ತೆಳುಗೋಡೆಗಳು ಸುತ್ತಲೂ ಕಾಣುತ್ತವೆ. ಬೆಲೆಮ್ನೈಟ್‌ನಲ್ಲಿ ನಡುವಿನಿಂದ ಹೊರಕ್ಕೆ ಚಾಚಿದ ಹರಳುಗಳಿರುತ್ತವೆ. ಬೆಣಚುಕಲ್ಲು ಒಳಗೂ ಹೊರಗೂ ಒಂದೇ.

ಹಲ್ಲಿನಲ್ಲಿ ಹಾಗಲ್ಲ, ಒಂದಕ್ಕಿಂತ ಹೆಚ್ಚು ವಸ್ತುಗಳಿರುತ್ತವೆ. ಹೊರಗೆ ಗಾಜಿನಂತೆ ಹೊಳೆಯುವ ಎನಾಮಲ್, ಅದರ ತೂಕದಲ್ಲಿ ಸುಮಾರು 96 ಶೇಕಡಾ ಖನಿಜ. ಒಳಗೆ ಮಂಕಾದ ಡೆಂಟಿನ್, ಸುಮಾರು 70 ಶೇಕಡಾ ಖನಿಜ. ಉಳಿದದ್ದು ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನು ಮತ್ತು ನೀರು. ಬೇರಿನ ಮೇಲೆ, ಕೆಲವು ಸಸ್ಯಾಹಾರಿಗಳಲ್ಲಿ ಇಡೀ ಹಲ್ಲಿನ ಮೇಲೆ, ಸಿಮೆಂಟಮ್ ಎಂಬ ಮೂಳೆಯಂಥ ಪದರ. ಮುರಿದ ಅಂಚಿನಲ್ಲಿ ಎನಾಮಲ್ ಪ್ರತ್ಯೇಕ ಪದರವಾಗಿ, ಬೇರೆ ಬಣ್ಣದಲ್ಲಿ ಕಂಡರೆ ಅದು ಹಲ್ಲು. ಎನಾಮಲ್ ಕಾಣದಿದ್ದ ಮಾತ್ರಕ್ಕೆ ಹಲ್ಲಲ್ಲ ಎನ್ನುವಂತಿಲ್ಲ. ಈಗ ಅಳಿದುಹೋಗಿರುವ ದೈತ್ಯ ನೆಲಸ್ಲಾತ್‌ಗಳ ಹಲ್ಲಿನಲ್ಲಿ ಅದು ಇರುವುದೇ ಇಲ್ಲ, ಆನೆಯ ದಂತದ ಬಹುಭಾಗ ಬರಿಯ ಡೆಂಟಿನ್. ಮೊಸಳೆ ನುಂಗಿದ ಪ್ರಾಣಿಯ ಹಲ್ಲಿನ ಎನಾಮಲ್ ಅದರ ಹೊಟ್ಟೆಯ ಆಮ್ಲದಲ್ಲಿ ಕರಗಿ, ಡೆಂಟಿನ್ ಮಾತ್ರ ಉಳಿದು ಹೊರಬರುವುದೂ ಉಂಟು.

ಬಣ್ಣದಿಂದ ಏನನ್ನೂ ತೀರ್ಮಾನಿಸಬೇಡಿ. ಕಪ್ಪು, ಕಂದು, ನೀಲಿಬೂದು, ಇವೆಲ್ಲ ಹೂತಿದ್ದ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಫಾಸ್ಫೇಟ್‌ಗಳ ಕೊಡುಗೆ. ಜೌಗು ಮಣ್ಣಿನಲ್ಲಿ ಕೆಲವು ದಶಕ ಬಿದ್ದಿದ್ದ ದನದ ಹಲ್ಲೂ ಕಡುಕಂದಾಗುತ್ತದೆ. ಹಲ್ಲು ನಿಜಕ್ಕೂ ಖನಿಜೀಕರಣಗೊಂಡಿದೆಯೇ ಎಂದು ತಿಳಿಯಲು ಕೆಲವರು ಬೆಂಕಿ ತಾಗಿಸಿ ವಾಸನೆ ನೋಡುತ್ತಾರೆ. ಬೇಡ. ಅದು ಹಲ್ಲನ್ನು ಹಾಳುಮಾಡುತ್ತದೆ, ಸಿಗುವ ಉತ್ತರವೂ ಒರಟು. ಬದಲಿಗೆ ಅದೇ ಗಾತ್ರದ ಈಗಿನ ಹಲ್ಲಿನ ಜೊತೆ ತೂಕ ಹೋಲಿಸಿ, ತಿರುಳಿನ ಕುಳಿಯೊಳಗೆ, ಅಂದರೆ ಬದುಕಿದ್ದಾಗ ನರ, ರಕ್ತನಾಳಗಳಿದ್ದ ನಡುವಿನ ಟೊಳ್ಳಿನಲ್ಲಿ, ಏನಿದೆ ಎಂದು ನೋಡಿ. ಸಡಿಲ ಮಣ್ಣಿದ್ದರೆ ಅದಕ್ಕೆ ಅರ್ಥವಿಲ್ಲ. ಮರಳು ಗಟ್ಟಿಗೊಂಡು ಕಲ್ಲಾಗಿದ್ದರೆ ಅಥವಾ ಹರಳು ಬೆಳೆದಿದ್ದರೆ ಅದು ದೀರ್ಘಕಾಲ ಹೂತಿತ್ತೆಂಬ ಸೂಚನೆ. ಎಷ್ಟು ದೀರ್ಘ ಎಂಬುದನ್ನು ಅದು ಹೇಳುವುದಿಲ್ಲ.

ಮೂರು ಬಗೆಯ ಸವೆತ

ಜಗಿದು ಸವೆದ ಮೈಯನ್ನು ಒಮ್ಮೆ ಗುರುತಿಸಲು ಕಲಿತರೆ ಮತ್ತೆ ಮರೆಯುವುದಿಲ್ಲ. ಡೆಂಟಿನ್ ಎನಾಮಲ್‌ಗಿಂತ ಮೃದು, ಹಾಗಾಗಿ ಬೇಗ ತಗ್ಗುತ್ತದೆ. ಸುತ್ತಲಿನ ಎನಾಮಲ್ ಏಣುಗಟ್ಟಿ ನಿಲ್ಲುತ್ತದೆ. ಬೆರಳಿನ ತುದಿಯನ್ನು ಅಡ್ಡಲಾಗಿ ಎಳೆದರೆ ಏಣು, ತಗ್ಗು, ಏಣು ಎಂದು ತಿಳಿಯುತ್ತದೆ. ಮೈ ಸಮತಟ್ಟಾಗಿ ಒಂದು ಕೋನಕ್ಕೆ ವಾಲಿರುತ್ತದೆ, ಏಕೆಂದರೆ ಎದುರು ಹಲ್ಲು ಪ್ರತಿ ಬಾರಿಯೂ ಅದೇ ದಾರಿಯಲ್ಲಿ ಸರಿದಿದೆ. ಬದಿಯಿಂದ ಬೆಳಕು ಬಿಟ್ಟು ಲೆನ್ಸಿನಲ್ಲಿ ನೋಡಿದರೆ ಗೀರುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿರುತ್ತವೆ.

ನೀರಿನಲ್ಲಿ ಉರುಳಿ ಸವೆದ ಹಲ್ಲು ಬಳಸಿದ ಸಾಬೂನಿನ ಬಿಲ್ಲೆಯಂತೆ ಎಲ್ಲ ಕಡೆಯಿಂದ ಗುಂಡಗಾಗಿರುತ್ತದೆ. ಅದಕ್ಕೆ ಜಗಿಯುವ ಮೈ, ಬದಿ, ಬೇರು, ಮುರಿದ ಅಂಚು ಎಂಬ ಭೇದವಿಲ್ಲ. ಮೊಹ್ಸ್ ಗಡಸುತನದ ಮಾನದಲ್ಲಿ ಎನಾಮಲ್ ಸುಮಾರು 5, ಮರಳಿನ ಬೆಣಚುಕಣ 7. ಹೊಳೆಯ ತಳದಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಬೇಕಿಲ್ಲ. ಇಲ್ಲಿ ಮುರಿದ ಅಂಚುಗಳನ್ನು ವಿಶೇಷವಾಗಿ ಗಮನಿಸಿ. ಅವೂ ಗುಂಡಗಾಗಿದ್ದರೆ ಮೊದಲು ಮುರಿದು ಆಮೇಲೆ ಉರುಳಿದೆ. ಅಂಚು ಹರಿತವಾಗಿದ್ದು ಒಳಗಿನ ಬಣ್ಣ ತಿಳಿಯಾಗಿದ್ದರೆ ಅದು ಇತ್ತೀಚಿನ ಮುರಿತ. ಉಳಿದ ತುಂಡು ಅಲ್ಲೇ ಸುತ್ತಮುತ್ತ ಇರಬಹುದು.

ಮೂರನೆಯದು ರಾಸಾಯನಿಕ ಸವೆತ. ಮಣ್ಣಿನ ಆಮ್ಲವಾಗಲಿ ಹೊಟ್ಟೆಯ ಆಮ್ಲವಾಗಲಿ ಎನಾಮಲ್ಲನ್ನು ಮಂಕುಮಾಡುತ್ತದೆ, ಗುಳಿಗಳನ್ನು ತೋಡುತ್ತದೆ, ಎನಾಮಲ್ ಮತ್ತು ಬೇರು ಸೇರುವ ಗೆರೆಯ ಬಳಿ ಎನಾಮಲ್ ಹಿಂದೆ ಸರಿದಂತೆ ಕಾಣುತ್ತದೆ. ಗಿಡಗಳ ಬೇರುಗಳು ಬಿಟ್ಟ ಕವಲೊಡೆಯುವ ಕಾಲುವೆಗಳೂ ಇದೇ ಜಾತಿಯವು. ಇವುಗಳ ಜೊತೆ ಇನ್ನೊಂದನ್ನು ನೆನಪಿಡಿ: ಇಲಿ, ಮುಳ್ಳುಹಂದಿಗಳಂಥ ದಂಶಕಗಳು ಕಡಿದ ಗುರುತು. ಜೋಡಿಜೋಡಿಯಾಗಿ, ಸಮಾನಾಂತರವಾಗಿ ಸಾಗುವ ಚಪ್ಪಟೆ ಗೀರುಗಳು. ಏಷ್ಯಾದ ಗುಹೆಗಳಲ್ಲಿ ಮುಳ್ಳುಹಂದಿಗಳು ಬೇರುಗಳನ್ನು ಪೂರ್ತಿ ಕಡಿದು ತಿಂದು ಕಿರೀಟವನ್ನಷ್ಟೇ (ಬೇರಿನ ಮೇಲಿನ, ಬಾಯಲ್ಲಿ ಕಾಣುವ ಭಾಗ) ಬಿಟ್ಟ ಹಲ್ಲುಗಳು ಎಷ್ಟೋ ಸಿಕ್ಕಿವೆ. 1935ರಲ್ಲಿ ಪಳೆಯುಳಿಕೆ ತಜ್ಞ ಜಿ. ಎಚ್. ಆರ್. ಫಾನ್ ಕ್ಯೋನಿಗ್ಸ್‌ವಾಲ್ಡ್ ಜೈಗಾಂಟೊಪಿಥೆಕಸ್ ಎಂಬ ದೈತ್ಯ ವಾನರವನ್ನು ಹೆಸರಿಸಿದ್ದು ಹಾಂಗ್‌ಕಾಂಗ್‌ನ ಚೀನೀ ಔಷಧದಂಗಡಿಯಲ್ಲಿ ಸಿಕ್ಕ ಒಂದು ದವಡೆ ಹಲ್ಲಿನಿಂದ. ಬೇರಿಲ್ಲದಿದ್ದರೂ ಕಿರೀಟ ಚೆನ್ನಾಗಿದ್ದರೆ ಇಷ್ಟು ದೂರ ಹೋಗಬಹುದು.

ಈ ವಿಂಗಡಣೆ ಏಕೆ ಮುಖ್ಯವೆಂದರೆ, ಜಗಿದ ಸವೆತ ಇದೆ ಎಂದಾಕ್ಷಣ ಹುಡುಕಾಟದ ವ್ಯಾಪ್ತಿ ಕುಗ್ಗುತ್ತದೆ. ಹೀಗೆ ಸವೆಯುವುದು ಮುಖ್ಯವಾಗಿ ಆಹಾರವನ್ನು ಅರೆದು ತಿನ್ನುವ ಪ್ರಾಣಿಗಳ ಹಲ್ಲು: ಬಹುತೇಕ ಸಸ್ತನಿಗಳು, ಕೆಲವು ಸಸ್ಯಾಹಾರಿ ಡೈನೋಸಾರ್‌ಗಳು. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1820ರ ದಶಕದಲ್ಲಿ ಅಲ್ಲಿನ ಸಸೆಕ್ಸ್‌ನ ಹಲ್ಲುಗಳನ್ನು ಹಿಡಿದು ತಲೆಕೆಡಿಸಿಕೊಂಡದ್ದು ಇದೇ ಕಾರಣಕ್ಕೆ. ಬಂಡೆಯ ವಯಸ್ಸು ನೋಡಿದರೆ ಸರೀಸೃಪದ್ದಾಗಬೇಕು, ಆದರೆ ಆಗ ತಿಳಿದಿದ್ದ ಯಾವ ಸರೀಸೃಪವೂ ಹೀಗೆ ಜಗಿದು ಹಲ್ಲು ಸವೆಸುತ್ತಿರಲಿಲ್ಲ. ಫ್ರಾನ್ಸಿನ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕ್ಯುವಿಯೇ ಅದನ್ನು ಮೊದಲು ಘೇಂಡಾಮೃಗದ ಹಲ್ಲು ಎಂದುಕೊಂಡರು. ಲಂಡನ್ನಿನ ಸಂಗ್ರಹಾಲಯವೊಂದರಲ್ಲಿ ಸ್ಯಾಮ್ಯುಯೆಲ್ ಸ್ಟಚ್‌ಬರಿ ಇಗ್ವಾನ ಎಂಬ ದೊಡ್ಡ ಸಸ್ಯಾಹಾರಿ ಹಲ್ಲಿಯ ದಂತದೊಡನೆ ಹೋಲಿಕೆ ತೋರಿಸಿಕೊಟ್ಟ ಮೇಲೆ, 1825ರಲ್ಲಿ ಇಗ್ವಾನೊಡಾನ್ ಎಂಬ ಹೆಸರು ಬಂತು. ಆ ಪ್ರಾಣಿ ಸಸ್ಯಾಹಾರಿ ಎಂದು ಮ್ಯಾಂಟೆಲ್‌ಗೆ ತೋರಿಸಿಕೊಟ್ಟದ್ದು ಆ ಸವೆದ ಮೈ.

ಇದಕ್ಕೆ ವಿರುದ್ಧವಾಗಿ ಶಾರ್ಕ್ ಮತ್ತು ಮೊಸಳೆಗಳು ಬದುಕಿರುವಷ್ಟೂ ಕಾಲ ಹಲ್ಲು ಉದುರಿಸಿ ಹೊಸದನ್ನು ಪಡೆಯುತ್ತಿರುತ್ತವೆ. ಅವುಗಳ ಹಲ್ಲಿನಲ್ಲಿ ತುದಿ ಚಕ್ಕೆ ಎದ್ದಿರಬಹುದು, ಆದರೆ ಸಮತಟ್ಟಾದ ಅರೆದ ಮೈ ಸಾಮಾನ್ಯವಾಗಿ ಇರುವುದಿಲ್ಲ. ನುಣುಪಾದ ಶಾರ್ಕ್ ಹಲ್ಲು ಸಿಕ್ಕರೆ ಅದು ನೀರಿನ ಕೆಲಸ ಎಂದುಕೊಳ್ಳಿ.

ಯಾವ ಗುಂಪು?

ಈಗ ಆಕಾರಕ್ಕೆ ಬರೋಣ. ಒಂದೇ ಮೊನೆಯ ಹಲ್ಲುಗಳಲ್ಲಿ ಮೊದಲು ಅಡ್ಡಕೊಯ್ತ ನೋಡಿ. ದುಂಡಗಿದ್ದು, ಬುಡ ಟೊಳ್ಳಾಗಿ, ಎದುರುಬದುರಾಗಿ ಎರಡು ತೆಳು ಏಣುಗಳು ತುದಿಯವರೆಗೆ ಹೋಗಿದ್ದರೆ ಮೊಸಳೆಯ ಕಡೆ ಯೋಚಿಸಿ. ಉದುರಿದ ಮೊಸಳೆ ಹಲ್ಲಿಗೆ ಬೇರು ಎಂಬುದು ಇರುವುದಿಲ್ಲ, ಹೊಸ ಹಲ್ಲು ಬರುವಾಗ ಅದು ಕರಗಿರುತ್ತದೆ. ಬದಿಗಳು ಚಪ್ಪಟೆಯಾಗಿ ಅಂಚಿನಲ್ಲಿ ಸಣ್ಣ ಗರಗಸವಿದ್ದರೆ ಮಾಂಸಾಹಾರಿ ಡೈನೋಸಾರ್ ಎಂಬ ಸಾಧ್ಯತೆ ಬರುತ್ತದೆ, ಅದೂ ಬಂಡೆಯ ವಯಸ್ಸು ಒಪ್ಪಿದರೆ ಮಾತ್ರ.

ಶಾರ್ಕ್ ಹಲ್ಲಿನಲ್ಲಿ ತ್ರಿಕೋನ ಕಿರೀಟ, ಎರಡು ಕವಲಿನ ಬೇರು. ಸವೆದವುಗಳಲ್ಲಿ ಒಂದು ಗಟ್ಟಿ ಗೊಂದಲವಿದೆ. ದೊಡ್ಡ ಬಿಳಿ ಶಾರ್ಕ್‌ನ ಹಲ್ಲಿಗೆ ಗರಗಸದಂಚಿದೆ, ಮೇಕೊ ಶಾರ್ಕ್‌ಗೆ ಇಲ್ಲ. ಗರಗಸ ಸವೆದ ಬಿಳಿ ಶಾರ್ಕ್ ಹಲ್ಲು ಮೇಕೊದಂತೆಯೇ ಕಾಣುತ್ತದೆ. ಆದ್ದರಿಂದ ತುದಿಯನ್ನು ಬಿಟ್ಟು ಕಿರೀಟದ ಅಂಚು ಬೇರಿಗೆ ಸೇರುವ ಮೂಲೆಯನ್ನು ಲೆನ್ಸಿನಲ್ಲಿ ನೋಡಿ. ಅಲ್ಲಿ ಬೇರಿನ ಆಸರೆಯಲ್ಲಿ ಎರಡು ಮೂರು ಗರಗಸದ ಮೊನೆಗಳು ಉಳಿದಿರುವುದುಂಟು. ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್ ಆದರೆ ನಾಲಗೆಯ ಬದಿಯಲ್ಲಿ ಕಿರೀಟಕ್ಕೂ ಬೇರಿಗೂ ನಡುವೆ ಅಗಲವಾದ, ಸಾಮಾನ್ಯವಾಗಿ ಬೇರೆ ಬಣ್ಣದ, ವಿ ಆಕಾರದ ಪಟ್ಟಿಯೊಂದಿರುತ್ತದೆ. ಆ ಭಾಗ ಉಳಿದಿದ್ದರೆ ಗರಗಸ ಪೂರ್ತಿ ಹೋಗಿದ್ದರೂ ಹಲ್ಲು ತನ್ನ ಮನೆತನವನ್ನು ಹೇಳುತ್ತದೆ.

ಆನೆಯ ಕುಲದ ದವಡೆ ಹಲ್ಲುಗಳು ಫಲಕಗಳ ಸಾಲು. ಆನೆಗೆ ದವಡೆಯ ಪ್ರತಿ ಬದಿಯಲ್ಲೂ ಜೀವಮಾನದಲ್ಲಿ ಆರು ದವಡೆ ಹಲ್ಲುಗಳು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತವೆ, ಮುಂತುದಿ ಸವೆದು ಉದುರುತ್ತಿರುತ್ತದೆ. ಆದ್ದರಿಂದ ಸವೆದ ಹಲ್ಲಿನಲ್ಲಿ ಒಟ್ಟು ಫಲಕಗಳನ್ನು ಎಣಿಸುವುದು ವ್ಯರ್ಥ, ಎಷ್ಟು ಹೋಗಿವೆಯೋ ತಿಳಿಯದು. ಅದಕ್ಕಾಗಿಯೇ ಹತ್ತು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಫಲಕಗಳಿವೆ ಎಂದು ಎಣಿಸುವ ಕ್ರಮ ಬಂದಿದೆ. ಅದು ತುಂಡಿನಲ್ಲೂ ಸಾಧ್ಯ. ಉಣ್ಣೆ ಮ್ಯಾಮತ್‌ನಲ್ಲಿ ಫಲಕಗಳು ಒತ್ತೊತ್ತಾಗಿ, ಎನಾಮಲ್ ತೆಳ್ಳಗೆ. ಆಫ್ರಿಕದ ಆನೆಯಲ್ಲಿ ಸವೆದ ಫಲಕ ನಡುವೆ ಉಬ್ಬಿದ ವಜ್ರಾಕೃತಿ. ಆನೆಯ ಅಳಿದುಹೋದ ಬಂಧು ಮ್ಯಾಸ್ಟೊಡಾನ್‌ನಲ್ಲಿ ಫಲಕವೇ ಇಲ್ಲ, ದಪ್ಪ ಎನಾಮಲ್‌ನ ಜೋಡಿ ಗೋಪುರಗಳು. ದಂತದ ತುಂಡಾದರೆ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಶ್ರೇಗರ್ ಗೆರೆಗಳನ್ನು ಹುಡುಕಿ. ಹೊರ ಅಂಚಿನ ಬಳಿ ಅವುಗಳ ಕೋನ ಮ್ಯಾಮತ್‌ನಲ್ಲಿ 90 ಡಿಗ್ರಿಗಿಂತ ಕಡಿಮೆ, ಈಗಿನ ಆನೆಗಳಲ್ಲಿ ಸರಾಸರಿ 115ಕ್ಕಿಂತ ಹೆಚ್ಚು. ಒಂದೇ ಕೋನ ಅಳೆದು ನಿಲ್ಲಿಸಬೇಡಿ, ಹಲವನ್ನು ಅಳೆದು ಸರಾಸರಿ ತೆಗೆಯಿರಿ.

ಘೇಂಡಾಮೃಗದ ಮೇಲ್ದವಡೆಯ ಹಲ್ಲು ಸವೆದಾಗ ಗ್ರೀಕ್ ಅಕ್ಷರ ಪೈ ಆಕಾರದ ಎನಾಮಲ್ ಗೆರೆ ತೋರುತ್ತದೆ. ನೀರ್ಗುದುರೆಯದ್ದು ಮೂರೆಲೆಯ ಚಿತ್ತಾರ. ಹಂದಿಯದ್ದು ಗುಡ್ಡಗುಡ್ಡದಂಥ ಉಬ್ಬುಗಳು, ಸವೆದಾಗ ಚೆಲ್ಲಾಪಿಲ್ಲಿ ಎನಾಮಲ್ ದ್ವೀಪಗಳು. ದಂಶಕಗಳ ಬಾಚಿಹಲ್ಲಿನಲ್ಲಿ ಎನಾಮಲ್ ಮುಂಬದಿಯಲ್ಲಿ ಮಾತ್ರ. ಹಂದಿಯದ್ದು ತೀರ ಸವೆಯದಿದ್ದರೆ, ಇವುಗಳಲ್ಲಿ ಗೊಂದಲ ಕಡಿಮೆ.

ಹೊಳೆಯ ಜಲ್ಲಿಯಲ್ಲಿ ಜನರಿಗೆ ಹೆಚ್ಚಾಗಿ ಸಿಗುವುದು ಕುದುರೆ ಮತ್ತು ದನದ ಕುಲದ ಎತ್ತರದ ದವಡೆ ಹಲ್ಲುಗಳು, ತಪ್ಪುವುದೂ ಅಲ್ಲಿಯೇ. ಕುದುರೆಯ ಮೇಲ್ದವಡೆಯ ಹಲ್ಲು ಮೇಲಿನಿಂದ ಚೌಕ. ಜಗಿಯುವ ಮೈಯಲ್ಲಿ ಎರಡು ಎನಾಮಲ್ ಕುಳಿಗಳು, ಅವುಗಳ ಅಂಚು ಸುಕ್ಕುಸುಕ್ಕು. ಕೆಳದವಡೆಯದ್ದು ಕಿರಿದು, ಉದ್ದ. ಅದರಲ್ಲಿ ಮುಚ್ಚಿದ ಕುಳಿಗಳಿರುವುದಿಲ್ಲ, ಎನಾಮಲ್ ಅಂಕುಡೊಂಕಾಗಿ ಒಳಹೊಕ್ಕಿರುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಮೇಲೂ ಕೆಳಗೂ ಅರ್ಧಚಂದ್ರಗಳು, ಕುಳಿಯ ಅಂಚು ನಯ. ಮೇಲ್ದವಡೆಯಲ್ಲಿ ಚಂದ್ರದ ಉಬ್ಬು ನಾಲಗೆಯ ಕಡೆಗೆ, ಕೆಳದವಡೆಯಲ್ಲಿ ಕೆನ್ನೆಯ ಕಡೆಗೆ. ಜಿಂಕೆಗಳ ಕಿರೀಟ ಗಿಡ್ಡ, ಎನಾಮಲ್ ಒರಟು. ದನ, ಎಮ್ಮೆ, ಬೈಸನ್‌ಗಳಲ್ಲಿ ಹಲ್ಲಿನ ಎರಡು ಹಾಲೆಗಳ (ಉಬ್ಬಿದ ಅರ್ಧಭಾಗಗಳ) ನಡುವೆ ಉಬ್ಬಿನ ಬದಿಯಲ್ಲಿ ಒಂದು ಪುಟ್ಟ ಕಂಬ ಎದ್ದಿರುತ್ತದೆ, ಒಂಟೆಯಲ್ಲಿ ಅದು ಇಲ್ಲ. ಹಲ್ಲು ಸಾಕಷ್ಟು ಸವೆದಾಗ ಆ ಕಂಬವೂ ಜಗಿಯುವ ಮೈಗೆ ಬಂದು ಒಂದು ಸಣ್ಣ ಎನಾಮಲ್ ಕುಣಿಕೆಯಾಗಿ ಕಾಣುತ್ತದೆ. ಸವೆತ ಮಾಹಿತಿಯನ್ನು ಕೊಡುವ ಸಂದರ್ಭವೂ ಇದೆ ಎಂಬುದಕ್ಕೆ ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆಯಿಲ್ಲ.

ಒಂದು ಹಲ್ಲನ್ನು ಓದುವ ಬಗೆ

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಗೆಳತಿಯೊಬ್ಬಳು ಹೊಳೆಯ ತಿರುವಿನ ಜಲ್ಲಿದಿಬ್ಬದಿಂದ ಹೆಕ್ಕಿ ತಂದ ಹಲ್ಲಿದೆ. ಕಡುಕಂದು, ಒಂದು ಬದಿಯಲ್ಲಿ ಕಪ್ಪು ಮಚ್ಚೆ. ಉದ್ದ 26.4 ಮಿಲಿಮೀಟರ್, ಅಗಲ 14.8, ಉಳಿದಿರುವ ಎತ್ತರ 22. ಬೇರುಗಳು ಮುರಿದಿವೆ, ಮುರಿದ ಅಂಚುಗಳು ನುಣ್ಣಗೆ ಗುಂಡಗಾಗಿವೆ. ಅಂದರೆ ಮುರಿತ ಹಳೆಯದು, ಆಮೇಲೆ ಹಲ್ಲು ನೀರಿನಲ್ಲಿ ಬಹಳ ಉರುಳಿದೆ. ಆದರೆ ಮೇಲಿನ ಮೈಯ ತಗ್ಗುಗಳಲ್ಲಿ ಡೆಂಟಿನ್ ಇನ್ನೂ ಎನಾಮಲ್‌ಗಿಂತ ಕೆಳಗಿದೆ. ಹಾಗಾದರೆ ಉರುಳುವ ಮೊದಲೇ ಅದು ಚೆನ್ನಾಗಿ ಜಗಿದು ಸವೆದಿತ್ತು. ಎರಡು ಸವೆತ, ಒಂದರ ಮೇಲೊಂದು.

ಎರಡು ಹಾಲೆಗಳಿವೆ, ಎರಡರ ಉಬ್ಬೂ ಒಂದೇ ಬದಿಗೆ. ಆ ಬದಿಯಲ್ಲಿ, ಹಾಲೆಗಳ ನಡುವೆ, ಪುಟ್ಟ ಎನಾಮಲ್ ಕುಣಿಕೆ. ದನದ ಕುಲದ ದೊಡ್ಡ ಪ್ರಾಣಿ. ಉದ್ದಕ್ಕೆ ಹೋಲಿಸಿದರೆ ಹಲ್ಲು ಕಿರಿದು, ಆದ್ದರಿಂದ ಕೆಳದವಡೆಯದು. ಮೇಲ್ದವಡೆಯದಾಗಿದ್ದರೆ ಚೌಕಕ್ಕೆ ಹತ್ತಿರವಿರುತ್ತಿತ್ತು. ಹಾಗಾದರೆ ಉಬ್ಬಿರುವುದು ಕೆನ್ನೆಯ ಬದಿ.

ಒಂದು ಹಾಲೆಯಲ್ಲಿ ಎನಾಮಲ್ ಕುಳಿ ಪೂರ್ತಿ ಸವೆದು ಮಾಯವಾಗಿದೆ, ಇನ್ನೊಂದರಲ್ಲಿ ತೆಳುವಾದ ಸೀಳಾಗಿ ಉಳಿದಿದೆ. ಹಲ್ಲು ಹುಟ್ಟುವಾಗ ಮುಂದಿನ ಹಾಲೆ ಮೊದಲು ಜಗಿತಕ್ಕೆ ಬರುವುದರಿಂದ ಸಾಮಾನ್ಯವಾಗಿ ಅದೇ ಹೆಚ್ಚು ಸವೆದಿರುತ್ತದೆ; ಕುಳಿ ಹೋದದ್ದು ಮುಂಬದಿ. ಈಗ ಕಿರೀಟ ಮೇಲ್ಮುಖವಾಗಿ, ಮುಂಬದಿ ನನ್ನಿಂದಾಚೆಗೆ ಇರುವಂತೆ ಹಿಡಿದರೆ ಕೆನ್ನೆಯ ಬದಿ ಎಡಕ್ಕೆ ಬರುತ್ತದೆ. ಎಡ ಕೆಳದವಡೆ.

ಎಷ್ಟನೆಯ ಹಲ್ಲು? ಕೊನೆಯ ದವಡೆ ಹಲ್ಲಿಗೆ ಹಿಂದೆ ಮೂರನೆಯ ಸಣ್ಣ ಹಾಲೆ ಇರುತ್ತದೆ. ಅದು ಮುರಿದುಹೋಗಿರಬಹುದಲ್ಲ ಎಂಬ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಹಿಂಬದಿಯ ಗೋಡೆಯನ್ನು ನೋಡಬೇಕು. ಅಕ್ಕಪಕ್ಕದ ಹಲ್ಲುಗಳು ಜಗಿಯುವಾಗ ಅಲುಗಿ ಒಂದಕ್ಕೊಂದು ತಿಕ್ಕುತ್ತವೆ, ತಾಗುವಲ್ಲಿ ಸಣ್ಣ ಅಂಡಾಕಾರದ ಸಪಾಟು ಜಾಗ ಆಗುತ್ತದೆ. ನನ್ನ ರೋಗಿಗಳ ಹಲ್ಲುಗಳಲ್ಲಿಯೂ ಇದನ್ನೇ ನೋಡುತ್ತೇನೆ. ಈ ಹಲ್ಲಿನ ಹಿಂಬದಿಯಲ್ಲಿ ಅಂಥ ಜಾಗ ಮಂಕಾಗಿಯಾದರೂ ಇದೆ. ಅದರ ಹಿಂದೆ ಇನ್ನೊಂದು ಹಲ್ಲಿತ್ತು, ಆದ್ದರಿಂದ ಇದು ಕೊನೆಯದಲ್ಲ. ಮೊದಲನೆಯದು ಅಥವಾ ಎರಡನೆಯದು.

ಇಲ್ಲಿಗೆ ನಿಲ್ಲಬೇಕು. ದನ, ಅದರ ಕಾಡುಪೂರ್ವಜ ಆರಾಕ್ಸ್, ಬೈಸನ್, ಎಮ್ಮೆ ಇವುಗಳ ಈ ಹಲ್ಲಿನ ಅಳತೆಗಳು ಒಂದರ ಮೇಲೊಂದು ಹರಡಿಕೊಂಡಿವೆ. ಇಷ್ಟು ಸವೆದ ಬಿಡಿ ಹಲ್ಲಿನಿಂದ ಅವನ್ನು ಬೇರ್ಪಡಿಸುವ ಧೈರ್ಯ ನನಗಿಲ್ಲ, ಬೇರೆಯವರೂ ಮಾಡಬಾರದೆಂದೇ ನನ್ನ ಅಭಿಪ್ರಾಯ. ವಯಸ್ಸಿನ ಮಾತೂ ಹಾಗೆಯೇ. ತಿರುಳಿನ ಕುಳಿಯಲ್ಲಿ ಗಟ್ಟಿಗೊಂಡ ಮರಳಿದೆ, ಅಷ್ಟೇ. ಹೊಳೆ ಹಳೆಯ ದಂಡೆಗಳನ್ನು ಕೊರೆದು ಬೇರೆ ಬೇರೆ ಕಾಲದ ವಸ್ತುಗಳನ್ನು ಒಂದೇ ದಿಬ್ಬದಲ್ಲಿ ರಾಶಿ ಹಾಕುತ್ತದೆ, ಪಕ್ಕದಲ್ಲಿ ಸಿಕ್ಕ ವಸ್ತುವಿನ ವಯಸ್ಸನ್ನು ಹಲ್ಲಿಗೆ ಅಂಟಿಸುವಂತಿಲ್ಲ. ಒಳಗೆ ಕೊಲಾಜೆನ್ ಉಳಿದಿದ್ದರೆ ರೇಡಿಯೊಕಾರ್ಬನ್ ವಿಧಾನ ಸುಮಾರು 50,000 ವರ್ಷದವರೆಗೆ ಹೇಳಬಲ್ಲದು, ಅದಕ್ಕೆ ಹಲ್ಲಿನ ಒಂದು ತುಣುಕನ್ನು ಬಲಿಕೊಡಬೇಕು.

ತಜ್ಞರೂ ಈ ಗಡಿಯನ್ನು ದಾಟಿ ಎಡವಿದ್ದಾರೆ. ಅಮೆರಿಕದ ನೆಬ್ರಾಸ್ಕದಲ್ಲಿ ಹೆರಾಲ್ಡ್ ಕುಕ್ ಅವರಿಗೆ ಸಿಕ್ಕಿದ್ದ ಬಹಳ ಸವೆದ ಒಂದೇ ಒಂದು ಹಲ್ಲನ್ನು ನೋಡಿ ಪಳೆಯುಳಿಕೆ ತಜ್ಞ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ 1922ರಲ್ಲಿ ಹೆಸ್ಪೆರೊಪಿಥೆಕಸ್ ಎಂಬ ಹೊಸ ವಾನರವನ್ನೇ ಹೆಸರಿಸಿದರು. ಪತ್ರಿಕೆಯೊಂದು ಆದಿಮಾನವ ದಂಪತಿಯ ಚಿತ್ರವನ್ನೂ ಬರೆಸಿತು. ಅದೇ ಜಾಗದಲ್ಲಿ ಮತ್ತೆ ಅಗೆದು, ಹೆಚ್ಚು ಮಾದರಿಗಳು ಬಂದ ಮೇಲೆ, 1927ರಲ್ಲಿ ವಿಲಿಯಂ ಕಿಂಗ್ ಗ್ರೆಗರಿ ಅದು ಹಂದಿಯ ದೂರದ ನೆಂಟನಾದ ಪೆಕರಿಯ ಹಲ್ಲು ಎಂದು ಪ್ರಕಟಿಸಿದರು. ಉಬ್ಬುಗಳು ಸವೆದ ಮೇಲೆ ಸರ್ವಭಕ್ಷಕಗಳ ದವಡೆ ಹಲ್ಲುಗಳು ಒಂದನ್ನೊಂದು ಹೋಲುತ್ತವೆ. ಹಂದಿ, ಕರಡಿ, ಮನುಷ್ಯ ಮೂವರೂ ಈ ಬಲೆಯಲ್ಲಿದ್ದಾರೆ.

ಮನುಷ್ಯನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ದವಡೆ ಹಲ್ಲಿನ ಕಿರೀಟ ಸುಮಾರು ಒಂದು ಸೆಂಟಿಮೀಟರ್ ಅಗಲವಿದ್ದು, ಗಿಡ್ಡಗಿದ್ದು, ನಾಲ್ಕೈದು ತಗ್ಗು ಉಬ್ಬುಗಳಿದ್ದರೆ, ಅಥವಾ ಹುಳುಕಿನ ಗುಳಿ ಕಂಡರೆ, ಅಲ್ಲಿಂದ ಮತ್ತೇನನ್ನೂ ಎತ್ತಬೇಡಿ. ಜಾಗವನ್ನು ಗುರುತುಮಾಡಿ ಪೊಲೀಸರಿಗೆ ತಿಳಿಸಿ. ಅದು ಪುರಾತನವೋ ಇತ್ತೀಚಿನದೋ ಎಂಬುದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಪಳೆಯುಳಿಕೆ ಸಂಗ್ರಹದ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹೆಕ್ಕುವ ಮೊದಲೇ ನಿಮ್ಮಲ್ಲಿನ ನಿಯಮ ತಿಳಿದುಕೊಂಡು, ನೆಲದ ಒಡೆಯರ ಒಪ್ಪಿಗೆ ಪಡೆದಿರಬೇಕು.

ಫೋಟೊ ಮತ್ತು ಚೀಟಿ

ಯಾರಿಗಾದರೂ ತೋರಿಸಿ ಕೇಳುವುದಾದರೆ ಒಂದು ಫೋಟೊ ಸಾಲದು. ಜಗಿಯುವ ಮೈ, ಕೆನ್ನೆಯ ಬದಿ, ನಾಲಗೆಯ ಬದಿ, ಮುಂದೆ, ಹಿಂದೆ, ಬುಡ, ಹೀಗೆ ಆರು ದಿಕ್ಕುಗಳಿಂದ ತೆಗೆಯಿರಿ. ಬೆರಳಲ್ಲಿ ಹಿಡಿದುಕೊಳ್ಳಬೇಡಿ, ಸಾದಾ ಬೂದು ಹಿನ್ನೆಲೆಯ ಮೇಲಿಟ್ಟು, ಅಳತೆಪಟ್ಟಿಯನ್ನು ಹಲ್ಲಿನ ಮೇಲ್ಮೈಯ ಎತ್ತರಕ್ಕೇ ಏರಿಸಿಡಿ. ಕೆಳಗಿಟ್ಟರೆ ಅಳತೆ ತಪ್ಪುತ್ತದೆ. ಬೆಳಕು ಒಂದು ಬದಿಯಿಂದ ತಗ್ಗಾಗಿ ಬೀಳಲಿ. ಮಚ್ಚೆಗಳು ಕಣ್ಣನ್ನು ಮೋಸಗೊಳಿಸುತ್ತಿದ್ದರೆ ಅದೇ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ, ಏಣು ತಗ್ಗುಗಳು ಎದ್ದು ಕಾಣುತ್ತವೆ. ಪ್ರಯೋಗಾಲಯಗಳಲ್ಲಿ ಇದಕ್ಕಾಗಿಯೇ ಹಲ್ಲಿಗೆ ಅಮೋನಿಯಂ ಕ್ಲೋರೈಡ್‌ನ ಬಿಳಿ ಹೊಗೆ ಹಿಡಿಸಿ ಬಣ್ಣವನ್ನು ಮರೆಮಾಡುತ್ತಾರೆ. ಮನೆಯಲ್ಲಿ ಅದನ್ನು ಪ್ರಯತ್ನಿಸಬೇಡಿ.

ಸಂಗ್ರಹಾಲಯಕ್ಕೆ ಕಳಿಸುವಾಗ ನಿಮ್ಮ ಊಹೆಯನ್ನು ಮೊದಲ ಸಾಲಿನಲ್ಲಿ ಬರೆಯಬೇಡಿ. "ಇದು ಮ್ಯಾಮತ್ ಇರಬಹುದೇ" ಎಂದು ಕೇಳಿದರೆ ನೋಡುವವರೂ ಮ್ಯಾಮತ್‌ನಿಂದಲೇ ಶುರುಮಾಡುತ್ತಾರೆ. ಕಂಡದ್ದನ್ನು ಹೇಳಿ: ಎಲ್ಲಿ, ಯಾವ ಪದರದಲ್ಲಿ ಅಥವಾ ಸಡಿಲವಾಗಿ, ಅಳತೆ ಎಷ್ಟು, ಯಾವ ಬದಿ ಜಗಿದು ಸವೆದಿದೆ, ಯಾವುದು ಉರುಳಿ ಸವೆದಿದೆ.

ಗೆಳತಿಯ ಹಲ್ಲಿನ ಡಬ್ಬಿಯೊಳಗೆ ನಾನು ಪೆನ್ಸಿಲಿನಲ್ಲಿ ಬರೆದಿಟ್ಟ ಚೀಟಿ ಹೀಗಿದೆ: "ದನದ ಕುಲ, ದೊಡ್ಡ ಗಾತ್ರ, ಪ್ರಭೇದ ತಿಳಿದಿಲ್ಲ. ಕೆಳದವಡೆ, ಎಡ (ಪ್ರಾಯಶಃ), ಮೊದಲ ಅಥವಾ ಎರಡನೆಯ ದವಡೆ ಹಲ್ಲು. ಜಗಿತದ ಸವೆತ ತೀವ್ರ, ಅದರ ಮೇಲೆ ನೀರಿನ ಸವೆತ. ಸಡಿಲ ಜಲ್ಲಿಯಿಂದ, ವಯಸ್ಸು ತಿಳಿದಿಲ್ಲ." ಜೊತೆಗೆ ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಹೆಕ್ಕಿದವಳ ಹೆಸರು. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಉಳಿಯುತ್ತದೆ. ಹಲ್ಲಿನ ಮೇಲೆಯೇ ಸಂಖ್ಯೆ ಬರೆಯುವುದಾದರೆ ಮುರಿದ ಬೇರಿನ ಬದಿಯಲ್ಲಿ ಪ್ಯಾರಲಾಯ್ಡ್‌ನ ಸಣ್ಣ ಪಟ್ಟಿ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಬರೆಯಿರಿ. ಜಗಿಯುವ ಮೈಯನ್ನೂ, ಪಕ್ಕದ ಹಲ್ಲು ತಾಗಿದ ಜಾಗಗಳನ್ನೂ ಮುಟ್ಟಬೇಡಿ.